ವೈದ್ಯ ವಿದ್ಯಾರ್ಥಿಯ ಮನಸ್ಸು: ಅಳೆದದ್ದು ಏನನ್ನು?

ವೈದ್ಯಕೀಯ ಶಿಕ್ಷಣದ ಬಗ್ಗೆ ಎಲ್ಲೆಡೆ ಕೇಳಿಬರುವ ಮಾತೊಂದಿದೆ. ಕಾಲೇಜಿಗೆ ಸೇರುವಾಗ ವಿದ್ಯಾರ್ಥಿಯಲ್ಲಿ ರೋಗಿಗಳ ಸೇವೆಯ ಹಂಬಲವಿರುತ್ತದೆ, ಪದವಿ ಪಡೆದು ಹೊರಬರುವ ಹೊತ್ತಿಗೆ ಅದು ಬತ್ತಿಹೋಗಿರುತ್ತದೆ ಎಂಬುದೇ ಆ ಮಾತು. ಇದು ನಿಜವೇ? ನಿಜವಾದರೆ ಅದಕ್ಕೆ ಕಾರಣ ವಿದ್ಯಾರ್ಥಿಯ ಸ್ವಭಾವವೇ, ಪಾಠಕ್ರಮವೇ ಅಥವಾ ಪರೀಕ್ಷೆಯೇ?

ಈ ಪ್ರಶ್ನೆಗಳನ್ನು ಕುರಿತು ಸುಮಾರು ಏಳು ದಶಕಗಳಿಂದ ಸಂಶೋಧನೆ ನಡೆದಿದೆ. ಈ ಲೇಖಕ ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದರೆ ಯಾವುದೇ ಅಳತೆಯನ್ನು ಒಪ್ಪುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳುವುದು ನಮ್ಮ ವಿಷಯದ ರೂಢಿ. ಅಳೆದದ್ದು ಏನನ್ನು? ಯಾವ ಉಪಕರಣದಿಂದ? ಅಳೆಯುವ ಕ್ರಿಯೆಯೇ ಫಲಿತಾಂಶವನ್ನು ಬದಲಿಸಿತೇ? ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಒಂದು ಹಳೆಯ ಗ್ರಂಥವನ್ನೂ ಕೆಲವು ಹೊಸ ಅಧ್ಯಯನಗಳನ್ನೂ ಇಲ್ಲಿ ಪರಿಶೀಲಿಸೋಣ.

ಕಾನ್ಸಾಸ್‌ನ ಅಧ್ಯಯನ

ಹೋವರ್ಡ್ ಬೆಕರ್, ಬ್ಲಾಂಚ್ ಗೀರ್, ಎವೆರೆಟ್ ಹ್ಯೂಸ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಎಂಬ ನಾಲ್ವರು ಸಮಾಜ ವಿಜ್ಞಾನಿಗಳು 1961ರಲ್ಲಿ ‘ಬಾಯ್ಸ್ ಇನ್ ವೈಟ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಬಿಳಿ ಉಡುಪಿನ ಹುಡುಗರು ಎಂದು ಇದರ ಅರ್ಥ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಅವರು ವಿದ್ಯಾರ್ಥಿಗಳ ಜೊತೆಗೇ ತರಗತಿ, ಪ್ರಯೋಗಶಾಲೆ ಮತ್ತು ವಾರ್ಡುಗಳಲ್ಲಿ ಓಡಾಡಿದರು. ತಾವು ಸಂಶೋಧಕರೆಂಬುದನ್ನು ಮುಚ್ಚಿಡಲಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಟ್ಟುಕೊಂಡರು.

ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಅವರು ಮೂರು ಘಟ್ಟಗಳನ್ನು ಗುರುತಿಸಿದರು. ಆರಂಭದಲ್ಲಿ ವಿದ್ಯಾರ್ಥಿ ‘ಎಲ್ಲವನ್ನೂ ಕಲಿಯುತ್ತೇನೆ’ ಎಂದು ಹೊರಡುತ್ತಾನೆ. ಕೆಲವೇ ವಾರಗಳಲ್ಲಿ, ದಿನವಿಡೀ ಓದಿದರೂ ಎಲ್ಲವನ್ನೂ ಕಲಿಯಲಾಗದು ಎಂಬುದು ಅರಿವಾಗುತ್ತದೆ. ಹಾಗಾದರೆ ಯಾವುದನ್ನು ಬಿಡಬೇಕು? ಮುಂದೆ ವೈದ್ಯನಾದಾಗ ಬೇಕಾಗುವುದನ್ನು ಓದೋಣ ಎಂದು ಕೆಲವರು, ಪರೀಕ್ಷೆಯಲ್ಲಿ ಅಧ್ಯಾಪಕರು ಕೇಳುವುದನ್ನು ಓದೋಣ ಎಂದು ಕೆಲವರು ವಾದಿಸುತ್ತಾರೆ. ಪರೀಕ್ಷೆಗಳು ಎದುರಾದ ಮೇಲೆ ಎರಡನೆಯ ವಾದವೇ ಎಲ್ಲರದಾಗುತ್ತದೆ.

ಇಲ್ಲಿ ಆದರ್ಶ ಸತ್ತಿತೇ? ಇಲ್ಲ ಎನ್ನುತ್ತಾರೆ ಬೆಕರ್ ಮತ್ತು ಗೀರ್. 1958ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲೇ ಅವರು ಇದನ್ನು ವಾದಿಸಿದ್ದರು. ವಿದ್ಯಾರ್ಥಿಯ ಸಿನಿಕತನ ಅವನ ಸ್ವಭಾವದಲ್ಲಿ ಆದ ಬದಲಾವಣೆಯಲ್ಲ, ಅವನು ನಿಂತಿರುವ ಪರಿಸ್ಥಿತಿಗೆ ಕೊಟ್ಟ ಉತ್ತರ. ಪದವಿ ಹತ್ತಿರವಾಗಿ ಪರೀಕ್ಷೆಯ ಒತ್ತಡ ಸಡಿಲವಾದಂತೆ ಆದರ್ಶ ಮರಳಿ ಕಾಣಿಸುತ್ತದೆ. ಆಗ ಅದು ಮೊದಲಿನಂತೆ ಅಸ್ಪಷ್ಟವಾಗಿರದೆ, ಎಂಥ ವೈದ್ಯಕೀಯ ವೃತ್ತಿ ನಡೆಸಬೇಕೆಂಬ ಖಚಿತ ಚಿಂತನೆಯಾಗಿರುತ್ತದೆ. ಒತ್ತಿದ ಸ್ಪ್ರಿಂಗು ಗಿಡ್ಡವಾದುದನ್ನು ಕಂಡು ಅದರ ಉಕ್ಕೇ ಕೆಟ್ಟಿತೆಂದು ನಾವು ತೀರ್ಮಾನಿಸುವುದಿಲ್ಲ, ಭಾರ ತೆಗೆದು ನೋಡುತ್ತೇವೆ. ಕಾನ್ಸಾಸ್‌ನ ಸಂಶೋಧಕರು ಮಾಡಿದ್ದೂ ಇದನ್ನೇ.

ಒಂದು ಬೈಗುಳದ ಅರ್ಥ

ಈ ವಿಧಾನದ ಬಲ ತಿಳಿಯಲು ಒಂದು ನಿದರ್ಶನ ಸಾಕು. ವಿದ್ಯಾರ್ಥಿಗಳು ಕೆಲವು ರೋಗಿಗಳನ್ನು ‘ಕ್ರಾಕ್’ ಎಂದು ಹೀಗಳೆಯುವುದನ್ನು ಬೆಕರ್ ಕೇಳಿಸಿಕೊಂಡರು. ಹಾಗೆಂದರೇನು ಎಂದು ಕೇಳಿದಾಗ, ಮಾನಸಿಕ ಕಾರಣದ ಕಾಯಿಲೆಯವರು ಎಂಬ ಉತ್ತರ ಬಂತು. ಹೊಟ್ಟೆಹುಣ್ಣಿಗೂ ಮನಸ್ಸಿನ ಒತ್ತಡಕ್ಕೂ ಸಂಬಂಧವಿದೆಯೆಂದು ಆಗ ನಂಬಲಾಗಿತ್ತು. ಹಾಗಾದರೆ ಹೊಟ್ಟೆಹುಣ್ಣಿನ ರೋಗಿಯೂ ‘ಕ್ರಾಕ್’ ಆಗಬೇಕಲ್ಲ ಎಂದು ಬೆಕರ್ ಮತ್ತೆ ಕೇಳಿದರು. ವಿದ್ಯಾರ್ಥಿಗಳು ಒಪ್ಪಲಿಲ್ಲ. ಅವನಿಗೆ ಹುಣ್ಣು ನಿಜವಾಗಿಯೂ ಇದೆ ಎಂಬುದು ಅವರ ವಾದ. ಹೀಗೆ ಒಂದೊಂದೇ ಉದಾಹರಣೆಯ ಮೇಲೆ ಪರೀಕ್ಷಿಸುತ್ತ ಹೋದಾಗ ಅರ್ಥ ಸ್ಪಷ್ಟವಾಯಿತು. ದೂರುಗಳು ಬಹಳ, ಆದರೆ ದೇಹದಲ್ಲಿ ಗುರುತಿಸಬಹುದಾದ ರೋಗವಿಲ್ಲದ ರೋಗಿಯೇ ‘ಕ್ರಾಕ್’. ಅವನನ್ನು ಪರೀಕ್ಷಿಸುವುದರಿಂದ ವಿದ್ಯಾರ್ಥಿ ಹೊಸದೇನನ್ನೂ ಕಲಿಯುವುದಿಲ್ಲ, ಸಮಯ ಮಾತ್ರ ಖರ್ಚಾಗುತ್ತದೆ.

ಗಮನಿಸಿ. ಹೊರಗಿನಿಂದ ಕೇಳಿದರೆ ಈ ಪದ ಕ್ರೌರ್ಯದಂತೆ ಕಾಣುತ್ತದೆ. ರೋಗಿಗೆ ಅದು ಅನ್ಯಾಯವೇ ಹೌದು. ಆದರೆ ಅದರ ಬೇರು ಇರುವುದು ವಾರ್ಡಿನ ಅವಧಿಯೊಳಗೆ ಆದಷ್ಟು ರೋಗಗಳನ್ನು ಕಾಣಬೇಕೆಂಬ ಧಾವಂತದಲ್ಲಿ. ಕಾರಣವನ್ನು ಹೀಗೆ ಗುರುತಿಸಿದರೆ ಮಾತ್ರ ಪರಿಹಾರಕ್ಕೆ ದಾರಿಯಾಗುತ್ತದೆ.

ವೀಕ್ಷಕನ ಪ್ರಭಾವ

ಸಂಶೋಧಕ ಪಕ್ಕದಲ್ಲೇ ನಿಂತಿದ್ದರೆ ವಿದ್ಯಾರ್ಥಿ ಸಹಜವಾಗಿ ವರ್ತಿಸುತ್ತಾನೆಯೇ? ಲೇಖಕರು ಈ ಆಕ್ಷೇಪವನ್ನು ತಾವೇ ಎತ್ತಿ ಉತ್ತರಿಸಿದ್ದಾರೆ. ತಮ್ಮ ಟಿಪ್ಪಣಿಗಳಲ್ಲಿನ ಪ್ರತಿಯೊಂದು ಹೇಳಿಕೆಯನ್ನೂ ಅವರು ವರ್ಗೀಕರಿಸಿದರು. ಅದು ವಿದ್ಯಾರ್ಥಿ ತಾನಾಗಿಯೇ ಆಡಿದ ಮಾತೇ ಅಥವಾ ಪ್ರಶ್ನೆಗೆ ಕೊಟ್ಟ ಉತ್ತರವೇ? ಸಂಶೋಧಕನೊಬ್ಬನ ಎದುರಿಗೆ ಆಡಿದ್ದೇ ಅಥವಾ ಸಹಪಾಠಿಗಳ ನಡುವೆ ಆಡಿದ್ದೇ? ತಾವಾಗಿ, ಗೆಳೆಯರ ನಡುವೆ ಆಡಿದ ಮಾತುಗಳಿಗೆ ಹೆಚ್ಚು ಬೆಲೆ ಕೊಟ್ಟು ಸಂಖ್ಯೆಗಳನ್ನು ಕೋಷ್ಟಕದಲ್ಲಿ ಮುಂದಿಟ್ಟರು. ಸಮಾಜ ವಿಜ್ಞಾನದಲ್ಲಿ ದೋಷದ ಲೆಕ್ಕವಿರುವುದಿಲ್ಲ ಎಂದು ಹಗುರವಾಗಿ ಮಾತನಾಡುವ ನಮ್ಮಂಥವರು ಈ ಪುಟಗಳನ್ನು ಅಗತ್ಯವಾಗಿ ಓದಬೇಕು.

ಹಾಗೆಂದು ಗ್ರಂಥದಲ್ಲಿ ಕೊರತೆಗಳಿಲ್ಲವೆಂದಲ್ಲ. ಅಧ್ಯಯನ ನಡೆದದ್ದು ಒಂದೇ ಕಾಲೇಜಿನಲ್ಲಿ. ಹೆಸರೇ ಹೇಳುವಂತೆ ಇದು ಹುಡುಗರ ಕಥೆ, ವಿದ್ಯಾರ್ಥಿನಿಯರ ಅನುಭವ ಇಲ್ಲಿ ತೀರ ವಿರಳ. ವಾರ್ಡಿನ ವರ್ಣನೆ ಎಷ್ಟೇ ಇದ್ದರೂ ರೋಗಿಯ ದನಿ ಕೇಳಿಸುವುದಿಲ್ಲ. ಜೊತೆಗೆ, ವಿದ್ಯಾರ್ಥಿಗಳು ಒಂದು ಗುಂಪಾಗಿ ಯೋಚಿಸುವುದನ್ನು ತೋರಿಸುವ ಉತ್ಸಾಹದಲ್ಲಿ ಒಬ್ಬೊಬ್ಬರ ಒಳಗಿನ ತಳಮಳ ಬದಿಗೆ ಸರಿದಿದೆ. ಇದಕ್ಕೆ ನಾಲ್ಕು ವರ್ಷ ಮೊದಲು, 1957ರಲ್ಲಿ, ರಾಬರ್ಟ್ ಮರ್ಟನ್ ಮತ್ತು ಸಂಗಡಿಗರು ಹೊರತಂದ ‘ದಿ ಸ್ಟೂಡೆಂಟ್-ಫಿಸಿಷಿಯನ್’ ಗ್ರಂಥದಲ್ಲಿ ರೆನೆ ಫಾಕ್ಸ್ ಅವರ ಪ್ರಬಂಧವೊಂದಿದೆ. ‘ನನಗೆ ತಿಳಿಯದಿರುವುದು ನನ್ನ ಓದಿನ ಕೊರತೆಯಿಂದಲೋ ಅಥವಾ ವೈದ್ಯವಿಜ್ಞಾನಕ್ಕೇ ಅದು ತಿಳಿದಿಲ್ಲವೋ’ ಎಂದು ಬೇರ್ಪಡಿಸಲಾಗದ ವಿದ್ಯಾರ್ಥಿಯ ಕಷ್ಟವನ್ನು ಅದು ಚೆನ್ನಾಗಿ ಗುರುತಿಸಿದೆ. ಕಾನ್ಸಾಸ್ ಗ್ರಂಥದ ಜೊತೆಗೆ ಇದನ್ನೂ ಓದಿದರೆ ಚಿತ್ರ ಪೂರ್ಣವಾಗುತ್ತದೆ.

ಪ್ರಶ್ನಾವಳಿಯ ಕಾಲ

ಮುಂದಿನ ದಶಕಗಳಲ್ಲಿ ಈ ಕ್ಷೇತ್ರದಲ್ಲಿ ಪ್ರಶ್ನಾವಳಿಗಳ ಬಳಕೆ ಬೆಳೆಯಿತು. ಬಹಳ ಚರ್ಚೆಗೆ ಒಳಗಾದ ಒಂದು ಅಧ್ಯಯನ 2009ರದು. ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ಮೊಹಮ್ಮದ್ರೇಜಾ ಹೋಜತ್ ಮತ್ತು ಸಂಗಡಿಗರು 456 ವಿದ್ಯಾರ್ಥಿಗಳ ಪರಾನುಭೂತಿಯನ್ನು, ಅಂದರೆ ರೋಗಿಯ ಸ್ಥಾನದಲ್ಲಿ ನಿಂತು ಅವನ ಅನುಭವವನ್ನು ಅರಿಯುವ ಗುಣವನ್ನು, ಪ್ರಶ್ನಾವಳಿಯಿಂದ ಅಳೆದರು. ಅದರಲ್ಲಿ 20 ಹೇಳಿಕೆಗಳು. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಮೂರನೆಯ ವರ್ಷದಲ್ಲಿ ಅಂಕಗಳು ಗಮನಾರ್ಹವಾಗಿ ಇಳಿದವು. ಅಮೆರಿಕದಲ್ಲಿ ವಿದ್ಯಾರ್ಥಿ ತರಗತಿಯಿಂದ ವಾರ್ಡಿಗೆ ಕಾಲಿಡುವ ವರ್ಷ ಅದು.

ರೋಗಿಯ ಹತ್ತಿರ ಬಂದಾಗಲೇ ಪರಾನುಭೂತಿ ಕುಗ್ಗುತ್ತದೆಯೇ? ಸುದ್ದಿಯಾಗಲು ಇಷ್ಟು ಸಾಕಾಯಿತು. ಆದರೆ 2010ರಲ್ಲಿ ಕಾಲಿವರ್ ಮತ್ತು ಸಂಗಡಿಗರು ಇಂಥ ಅಧ್ಯಯನಗಳನ್ನು ಮರುಪರಿಶೀಲಿಸಿ, ಇಳಿಕೆಯ ಪ್ರಮಾಣ ತೀರ ಚಿಕ್ಕದು, ಉತ್ತರಿಸದೆ ಉಳಿದವರು ಬಹಳ ಎಂದು ತೋರಿಸಿದರು. ಅವರ ಮುಖ್ಯ ಆಕ್ಷೇಪ ಉಪಕರಣದ ಬಗ್ಗೆ. ಈ ಪ್ರಶ್ನಾವಳಿ ಅಳೆಯುವುದು ವಿದ್ಯಾರ್ಥಿ ತನ್ನ ಬಗ್ಗೆ ತಾನು ಹೇಳಿಕೊಂಡದ್ದನ್ನು. ರೋಗಿಗೆ ಏನನ್ನಿಸಿತು ಎಂಬುದು ಅದರಲ್ಲಿಲ್ಲ.

ಅನುಭವವಿಲ್ಲದ ಹೊಸಬ ‘ನಾನು ರೋಗಿಯ ಭಾವನೆಯನ್ನು ಚೆನ್ನಾಗಿ ಅರಿಯಬಲ್ಲೆ’ ಎಂದು ಧಾರಾಳವಾಗಿ 7 ಅಂಕ ಕೊಟ್ಟುಕೊಳ್ಳಬಹುದು. ನೂರು ರೋಗಿಗಳನ್ನು ಕಂಡ ಮೇಲೆ ಅದೇ ವಿದ್ಯಾರ್ಥಿ ಪ್ರಾಮಾಣಿಕವಾಗಿ 5 ಎನ್ನಬಹುದು. ಇಲ್ಲಿ ಇಳಿದದ್ದು ಪರಾನುಭೂತಿಯೋ ಅಥವಾ ಅತಿವಿಶ್ವಾಸವೋ? ಪ್ರಶ್ನಾವಳಿ ಇದನ್ನು ಹೇಳಲಾರದು. ವಾರ್ಡಿನಲ್ಲಿ ಪಕ್ಕದಲ್ಲಿ ನಿಂತು ನೋಡಿದವರು ಹೇಳಬಲ್ಲರು.

ಸಂಖ್ಯೆ ಬೇಡವೆಂದಲ್ಲ

ಇಷ್ಟು ಹೇಳಿದ್ದರಿಂದ ಸಂಖ್ಯೆಗಳನ್ನು ತಳ್ಳಿಹಾಕಬೇಕೆಂದು ಭಾವಿಸಬೇಡಿ. 2016ರಲ್ಲಿ ಲೀಸಾ ರೋಟೆನ್‌ಸ್ಟೈನ್ ಮತ್ತು ಸಂಗಡಿಗರು 43 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ, ವೈದ್ಯ ವಿದ್ಯಾರ್ಥಿಗಳಲ್ಲಿ ಶೇ. 27.2ರಷ್ಟು ಜನರಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳಿವೆ ಎಂದು ಅಂದಾಜು ಮಾಡಿದರು. ಬಳಸಿದ ಉಪಕರಣಕ್ಕೆ ತಕ್ಕಂತೆ ಈ ಅಂದಾಜು ಶೇ. 9.3ರಿಂದ ಶೇ. 55.9ರವರೆಗೆ ಬದಲಾಗುತ್ತದೆ. ಒಂದೇ ರಾಶಿಯನ್ನು ಅಳೆದ ಮೀಟರುಗಳು ಆರು ಪಟ್ಟು ವ್ಯತ್ಯಾಸ ತೋರಿದರೆ ನಾವು ಮೊದಲು ಮೀಟರುಗಳನ್ನೇ ತಪಾಸಣೆ ಮಾಡುತ್ತೇವೆ. ಆದರೆ ಅದೇ ವರದಿಯ ಇನ್ನೊಂದು ಸಂಖ್ಯೆಯನ್ನು ಯಾವ ಅಧ್ಯಾಪಕರೂ ಕಡೆಗಣಿಸುವಂತಿಲ್ಲ. ಖಿನ್ನತೆಯ ಲಕ್ಷಣ ಕಂಡುಬಂದವರಲ್ಲಿ ಚಿಕಿತ್ಸೆ ಪಡೆದವರು ಶೇ. 15.7 ಮಾತ್ರ. ಚಿಕಿತ್ಸೆ ಕೊಡುವುದನ್ನು ಕಲಿಯುತ್ತಿರುವವರೇ ಚಿಕಿತ್ಸೆಯಿಂದ ದೂರ ಉಳಿಯುತ್ತಾರೆಂದರೆ ಅವರ ಸುತ್ತಲಿನ ವಾತಾವರಣವನ್ನು ಪರೀಕ್ಷಿಸಬೇಕಾಗುತ್ತದೆ. ಎಷ್ಟು ಜನ ಎಂಬುದನ್ನು ಸಂಖ್ಯೆ ಹೇಳಿತು. ಏಕೆ ಎಂದು ತಿಳಿಯಲು ಕಾನ್ಸಾಸ್‌ನ ಬಗೆಯ ಅಧ್ಯಯನ ಬೇಕು.

ನಮಗೇನು ಸಂಬಂಧ?

ಇದು ವೈದ್ಯರ ಸಮಸ್ಯೆ, ನಮಗೇಕೆ ಎಂದು ವಿಜ್ಞಾನ ಅಧ್ಯಾಪಕರು ಕೇಳಬಹುದು. 1998ರಲ್ಲಿ ಎಡ್ವರ್ಡ್ ರೆಡಿಶ್ ಮತ್ತು ಸಂಗಡಿಗರು ಅಮೆರಿಕದ ಆರು ಕಾಲೇಜುಗಳ ಸುಮಾರು 1500 ಭೌತವಿಜ್ಞಾನ ವಿದ್ಯಾರ್ಥಿಗಳನ್ನು ಪ್ರಶ್ನಾವಳಿಯಿಂದ ಪರೀಕ್ಷಿಸಿದರು. ಭೌತವಿಜ್ಞಾನವೆಂದರೆ ಬಿಡಿ ಸೂತ್ರಗಳ ಪಟ್ಟಿಯೋ ಅಥವಾ ಹೊಂದಿಕೊಂಡ ಚಿಂತನೆಯೋ ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. ಮೊದಲ ಅವಧಿಯ ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳ ನೋಟ ಸುಧಾರಿಸುವ ಬದಲು ಸರಾಸರಿಯಲ್ಲಿ ಹಿಂದೆ ಸರಿದಿತ್ತು. ಇಲ್ಲಿ ರೋಗಿಯೂ ಇಲ್ಲ, ವಾರ್ಡೂ ಇಲ್ಲ. ಅತಿಯಾದ ಪಠ್ಯ ಮತ್ತು ಪರೀಕ್ಷೆ ಮಾತ್ರ ಎರಡೂ ಕಡೆ ಸಮಾನ.

ಭಾರತದಲ್ಲಿ 2019ರಿಂದ ಸಾಮರ್ಥ್ಯ ಆಧಾರಿತ ಎಂಬಿಬಿಎಸ್ ಪಠ್ಯಕ್ರಮ ಜಾರಿಗೆ ಬಂದಿದೆ. ಮನೋಭಾವ, ನೀತಿ ಮತ್ತು ಸಂವಹನವನ್ನು ಕಲಿಸುವ ಭಾಗವೂ ಅದರಲ್ಲಿ ಸೇರಿದೆ. ಇದು ಸ್ವಾಗತಾರ್ಹ. ಆದರೆ ಕಾನ್ಸಾಸ್‌ನ ಗ್ರಂಥ ಓದಿದವರು ಕೂಡಲೇ ಕೇಳುವ ಪ್ರಶ್ನೆ ಒಂದಿದೆ. ಈ ಭಾಗವನ್ನು ವಿದ್ಯಾರ್ಥಿ ರೋಗಿಯ ಹಾಸಿಗೆಯ ಪಕ್ಕದಲ್ಲಿ ಕಲಿಯುತ್ತಾನೆಯೇ ಅಥವಾ ಲಾಗ್‌ಬುಕ್ಕಿಗೆ ಸಹಿ ಬೀಳುವಷ್ಟು ಮಾತ್ರ ಮಾಡಿ ಮುಗಿಸುತ್ತಾನೆಯೇ? ಇದಕ್ಕೆ ಉತ್ತರ ಪಡೆಯಲು ನಮ್ಮ ಕಾಲೇಜುಗಳಲ್ಲಿಯೂ ಯಾರಾದರೂ ವಿದ್ಯಾರ್ಥಿಗಳ ಜೊತೆ ವರ್ಷವಿಡೀ ನಡೆದು ನೋಡಬೇಕು.

ಅಧ್ಯಾಪಕರು ತಮ್ಮ ತರಗತಿಯಲ್ಲೇ ಇದನ್ನು ಸಣ್ಣದಾಗಿ ಆರಂಭಿಸಬಹುದು. ಕಳೆದ ಮೂರು ವರ್ಷಗಳ ನಿಮ್ಮ ಪ್ರಶ್ನೆಪತ್ರಿಕೆಗಳನ್ನು ಎದುರಿಗಿಟ್ಟುಕೊಳ್ಳಿ. ಅವುಗಳನ್ನು ಮಾತ್ರ ಕಂಡ ವಿದ್ಯಾರ್ಥಿ ನಿಮ್ಮ ವಿಷಯದಲ್ಲಿ ಯಾವುದು ಮುಖ್ಯವೆಂದು ತಿಳಿಯುತ್ತಾನೆ ಎಂಬುದನ್ನು ಪಟ್ಟಿ ಮಾಡಿ. ಆ ಪಟ್ಟಿಯನ್ನು, ನೀವು ತರಗತಿಯಲ್ಲಿ ಮುಖ್ಯವೆಂದು ಹೇಳುವ ವಿಷಯಗಳ ಜೊತೆ ಹೋಲಿಸಿ. ವಿದ್ಯಾರ್ಥಿಗಳಿಗೆ ಆಸಕ್ತಿಯಿಲ್ಲ ಎಂದು ದೂರುವ ಮೊದಲು ಇಷ್ಟು ಪರಿಶೀಲನೆ ಅಗತ್ಯ.