ಬಿಸಿಲೂರಿನ ಕಪ್ಪೆಗಳು

ಕಪ್ಪೆಯನ್ನು ಕಣ್ತುಂಬ ನೋಡಬೇಕು, ಕಿವಿತುಂಬ ಕೇಳಬೇಕು ಅನ್ನುವವರಿಗೆ ನಾನು ಬಳ್ಳಾರಿ ಸೀಮೆಗೆ ಬನ್ನಿ ಎನ್ನುತ್ತೇನೆ. ಮಲೆನಾಡಿನಲ್ಲಿ ಕಪ್ಪೆಯ ಬಗೆಗಳು ಹೆಚ್ಚು, ನಿಜ. ಆದರೆ ಅಲ್ಲಿ ನೀರೂ ಹೆಚ್ಚು. ಇಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಎರೆ ನೆಲ ಕೈ ತೂರುವಷ್ಟು ಬಿರಿಯುತ್ತದೆ, ಗುಡ್ಡದ ಬಂಡೆಗಳು ರಾತ್ರಿ ಹತ್ತರವರೆಗೂ ಕಾವು ಬಿಡುತ್ತವೆ. ಇಂಥ ಕಡೆ ಒದ್ದೆ ಚರ್ಮದ ಪ್ರಾಣಿಯೊಂದು ಬಾಳುವೆ ಮಾಡುತ್ತದೆ ಅನ್ನುವುದೇ ಒಂದು ಸೊಗಸು. ಅದರ ಮೈಯ ಒಂದೊಂದು ಭಾಗವೂ ನೀರನ್ನು ಹೇಗೆ ಪಡೆಯಬೇಕು, ಹೇಗೆ ಕಾಯಬೇಕು ಎಂಬುದಕ್ಕೆ ಒಗ್ಗಿಕೊಂಡಿದೆ.

ಬೇಸಿಗೆಯಲ್ಲಿ ಕಪ್ಪೆಗಳೆಲ್ಲ ಎಲ್ಲಿ ಹೋಗುತ್ತವೆ? ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಎಲ್ಲಿಗೂ ಹೋಗುವುದಿಲ್ಲ, ನಮ್ಮ ಕಾಲ ಕೆಳಗೇ ಇರುತ್ತವೆ. ಕುರುಗೋಡಿನ ಗುಡ್ಡಗಳ ಬುಡದಲ್ಲಿ ಸಿಗುವಂಥ ಸಡಿಲವಾದ ಮಸಾರಿ ಮಣ್ಣು ಬಿಲಗಪ್ಪೆಗಳಿಗೆ ಹೇಳಿ ಮಾಡಿಸಿದ್ದು. ಈ ಕಪ್ಪೆಯ ಹಿಂಗಾಲಿನ ಪಾದದಲ್ಲಿ ಗುದ್ದಲಿಯ ಅಲಗಿನಂಥ ಗಟ್ಟಿ ಗಂಟೊಂದಿದೆ. ಎರಡೂ ಹಿಂಗಾಲಿನಿಂದ ಮಣ್ಣನ್ನು ಆಚೀಚೆ ಸರಿಸುತ್ತ, ಮುಖ ನಮ್ಮ ಕಡೆಗೇ ಇಟ್ಟುಕೊಂಡು, ಹಿಮ್ಮುಖವಾಗಿ ನೆಲದೊಳಗೆ ಇಳಿಯುತ್ತದೆ. ಮೊದಲು ಹೊಟ್ಟೆ ಮುಳುಗುತ್ತದೆ, ಆಮೇಲೆ ಭುಜ, ಕೊನೆಗೆ ಎರಡು ಕಣ್ಣು. ಕಣ್ಣೂ ಮುಚ್ಚಿದ ಮೇಲೆ ಮಣ್ಣು ಮೇಲೆ ಕೂಡಿಕೊಂಡು ಅಲ್ಲೊಂದು ಜೀವ ಇಳಿಯಿತೆಂಬ ಗುರುತೇ ಉಳಿಯುವುದಿಲ್ಲ. ಒಳಗೆ ಅದು ಉಸಿರನ್ನೂ ಎದೆಬಡಿತವನ್ನೂ ತಗ್ಗಿಸಿಕೊಂಡು ತಿಂಗಳುಗಟ್ಟಲೆ ಕೂರುತ್ತದೆ. ಅಷ್ಟು ಆಳಕ್ಕೆ ಅಗೆಯದ ನೆಲಗಪ್ಪೆ ಕಲ್ಲಿನ ಸಂದು, ಬಚ್ಚಲ ಮೂಲೆ, ಎರೆ ಹೊಲದ ಬಿರುಕು ಹುಡುಕಿಕೊಳ್ಳುತ್ತದೆ.

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗದಲ್ಲಿ, ತೊಡೆಗಳ ನಡುವೆ, ತೆಳ್ಳನೆಯ ಚರ್ಮದ ಜಾಗವೊಂದಿದೆ. ಒದ್ದೆ ನೆಲಕ್ಕೆ ಅದನ್ನು ಅಂಟಿಸಿ ಕುಳಿತರೆ ಸಾಕು, ನೀರು ತಾನಾಗಿ ಒಳಗೆ ಸೇರುತ್ತದೆ. ಮನೆಯಂಗಳದ ತುಳಸಿಕಟ್ಟೆಗೆ ನೀರು ಹಾಕಿದ ಮೇಲೆ ಆ ತೇವದಲ್ಲಿ ಕಾಲು ಅಗಲಿಸಿ, ಹೊಟ್ಟೆ ಒತ್ತಿ ಕುಳಿತ ನೆಲಗಪ್ಪೆಯನ್ನು ಕಂಡರೆ ಅದು ನೀರು ಕುಡಿಯುತ್ತಿದೆ ಎಂದು ತಿಳಿಯಿರಿ. ಹಿಡಿದಾಗ ಕೈಮೇಲೆ ಸುರಿಸುತ್ತದಲ್ಲ, ಅದರಲ್ಲಿ ಬಹುಪಾಲು ಹೀಗೆ ಕೂಡಿಟ್ಟುಕೊಂಡ ನೀರೇ. ಬರಗಾಲಕ್ಕೆಂದು ಮೂತ್ರಕೋಶದಲ್ಲಿ ಇಟ್ಟುಕೊಂಡು, ಬೇಕಾದಾಗ ಮೈಗೆ ಮರಳಿ ಹೀರಿಕೊಳ್ಳುವ ಬಂಡವಾಳ ಅದು. ಬೇಸಿಗೆಯಲ್ಲಿ ಆಟಕ್ಕೆಂದು ಕಪ್ಪೆಯನ್ನು ಹಿಡಿಯಬಾರದು ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಇನ್ನು ಮಳೆ. ರೋಹಿಣಿಯೋ ಮಿರಗವೋ, ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಕುರುಗೋಡಿನ ಕಡೆಗೆ ಹೋಗಬೇಕು. ದೊಡ್ಡಬಸವೇಶ್ವರನ ಊರದು. ಒಂದೇ ಕಲ್ಲಿನ ಆ ಬಸವಣ್ಣನಿಗೆ ಕೈಮುಗಿದು, ಊರಾಚೆ ಗುಡ್ಡದ ಬುಡಕ್ಕೆ ಬಂದು ನಿಂತರೆ ಬಂಡೆಗಳ ನಡುವಿನ ದೊಣೆಗಳು ತುಂಬಿರುತ್ತವೆ, ತಗ್ಗುಗಳಲ್ಲಿ ಕೆಂಪು ನೀರು ನಿಂತಿರುತ್ತದೆ. ಮೊದಲಿಗೆ ಎಲ್ಲವೂ ಒಂದೇ ಗದ್ದಲವೆನಿಸುತ್ತದೆ. ಹತ್ತು ನಿಮಿಷ ಸುಮ್ಮನೆ ನಿಲ್ಲಿ, ದನಿಗಳು ಬಿಡಿಬಿಡಿಯಾಗುತ್ತವೆ. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂತೆ ಕರಕರ ಅನ್ನುವುದು ಕಿರಿಬಾಯಿಯ ಪುಟ್ಟ ಕಪ್ಪೆ. ಗಾತ್ರ ಹೆಬ್ಬೆರಳ ತುದಿಯಷ್ಟು, ಗಂಟಲು ಮಾತ್ರ ಗುಡ್ಡಕ್ಕೆ ಕೇಳುವಂಥದ್ದು. ನೀರ ಮೇಲೆ ಮೈಯನ್ನು ಗಾಳಿಯಿಂದ ಉಬ್ಬಿಸಿಕೊಂಡು ತೇಲುತ್ತ ಕೂಗುವ ಗುಂಡು ಕಪ್ಪೆ ಬೇರೆ. ಅದು ವರ್ಷದ ಬಹುಭಾಗ ನೆಲದೊಳಗೆ ಇರುವೆ, ಗೆದ್ದಲು ತಿಂದುಕೊಂಡಿದ್ದು ಈ ಕೆಲವು ರಾತ್ರಿಗಳಿಗಾಗಿ ಮೇಲೆ ಬರುತ್ತದೆ. ಇವೆಲ್ಲದರ ಕೆಳಗೆ ಬಿಡದೆ ಹರಿಯುವ ಉದ್ದನೆಯ ಕುರ್‌ರ್‌ರ್ ದನಿಯೊಂದಿದೆ. ಅದು ನೆಲಗಪ್ಪೆಯದು. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅದೇ. ಅದರಲ್ಲಿ ಅವಸರವಿಲ್ಲ, ಕರ್ಕಶವೂ ಇಲ್ಲ. ಒಂದು ನಿಲ್ಲಿಸುವಾಗ ಪಕ್ಕದ್ದು ಎತ್ತಿಕೊಳ್ಳುತ್ತದೆ, ಶ್ರುತಿ ಮಾತ್ರ ಮುರಿಯುವುದಿಲ್ಲ.

ಇಷ್ಟು ಹೊತ್ತು ದಣಿಯದೆ ಕೂಗುವುದು ಹೇಗೆ? ಮೂಗು, ಬಾಯಿ ಎರಡನ್ನೂ ಮುಚ್ಚಿಕೊಂಡೇ ಕೂಗುತ್ತದೆ. ಶ್ವಾಸಕೋಶದ ಗಾಳಿ ಧ್ವನಿತಂತುಗಳನ್ನು ಮೀಟುತ್ತ ಗಂಟಲ ಚೀಲಕ್ಕೆ ಬರುತ್ತದೆ, ಚೀಲದಿಂದ ಮತ್ತೆ ಶ್ವಾಸಕೋಶಕ್ಕೆ ಹಿಂದಿರುಗುತ್ತದೆ. ಉಸಿರು ಹೊರಗೆ ಪೋಲಾಗುವುದೇ ಇಲ್ಲ. ಹೀಗೆ ಕರೆಯುವವು ಗಂಡುಗಳು. ಹೆಣ್ಣು ಮೌನವಾಗಿ ಕೇಳಿ, ತನಗೆ ಬೇಕಾದ ದನಿಯ ಕಡೆ ನಡೆಯುತ್ತದೆ. ಈ ಕೂಗಿಗೆ ಕಿವಿಗೊಟ್ಟವರಲ್ಲಿ ನಾವೇ ಮೊದಲಿಗರಲ್ಲ. ಋಗ್ವೇದದ ಏಳನೆಯ ಮಂಡಲದಲ್ಲಿ ಒಂದು ಇಡೀ ಸೂಕ್ತ ಮಳೆಗೆ ಎದ್ದ ಕಪ್ಪೆಗಳ ಕೂಗಿಗೇ ಮೀಸಲಾಗಿದೆ. ಬಳ್ಳಾರಿಯ ಬಳಿಯ ಸಂಗನಕಲ್ಲು-ಕುಪ್ಪಗಲ್ಲು ಗುಡ್ಡದಲ್ಲಿ, ಬಡಿದರೆ ಗಂಟೆಯಂತೆ ನಾದ ಕೊಡುವ ಕಲ್ಲುಗಳಿವೆ. ನವಶಿಲಾಯುಗದ ಜನ ನೆಲೆಸಿದ್ದ ಗುಡ್ಡ ಅದು. ಕಲ್ಲಿನ ನಾದಕ್ಕೇ ಕಿವಿಕೊಟ್ಟ ಆ ಜನ ಮೊದಲ ಮಳೆಯ ಈ ಮೇಳವನ್ನು ಕೇಳದೆ ಮಲಗಿರಲಾರರು.

ಸಿರುಗುಪ್ಪದ ಕಥೆ ಬೇರೆಯೇ. ಅಲ್ಲಿ ಕಪ್ಪೆಯ ಪಂಚಾಂಗವನ್ನು ಮಳೆಯ ಜೊತೆಗೆ ಕಾಲುವೆಯೂ ಬರೆಯುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತು, ಕೆಳಮಟ್ಟದ ಕಾಲುವೆ ಹರಿದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಎರೆ ನೆಲ ಭತ್ತದ ಗದ್ದೆಯಾಯಿತು. ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾಗುವ ಹೊತ್ತಿಗೆ ಗದ್ದೆಯ ದೊಡ್ಡ ಕಪ್ಪೆ, ಅಂದರೆ ಬುಲ್‌ಫ್ರಾಗ್, ಹಬ್ಬದ ಉಡುಗೆ ತೊಡುತ್ತದೆ. ವರ್ಷವಿಡೀ ಹಸಿರು-ಕಂದು ಬಣ್ಣದಲ್ಲಿ ಕೆಸರಿಗೆ ಕೆಸರಾಗಿದ್ದ ಗಂಡು ಆ ಕೆಲ ದಿನ ಅಪ್ಪಟ ಅರಿಶಿನ ಬಣ್ಣಕ್ಕೆ ತಿರುಗುತ್ತದೆ. ಗಂಟಲ ಎರಡೂ ಬದಿಯ ಚೀಲಗಳು ಗಾಢ ನೀಲಿ. ಹಳದಿ ಮೈ, ನೀಲಿ ಗಂಟಲು, ಸುತ್ತ ಎಳೆ ಭತ್ತದ ಹಸಿರು! ಇಳಕಲ್ ಸೀರೆಯ ನೇಕಾರರು ಕೂಡ ಈ ಮೂರು ಬಣ್ಣ ಕೂಡಿಸಲು ಎರಡು ಸಲ ಯೋಚಿಸಿಯಾರು. ಕಪ್ಪೆಗೆ ಅದು ಒಪ್ಪುತ್ತದೆ.

ನೆಲಗಪ್ಪೆಯ ಗಂಡೂ ಕೂಡುವ ಕಾಲದಲ್ಲಿ ಹಳದಿಯಾಗುತ್ತದೆ, ಅದೂ ಕೆಲವೇ ನಿಮಿಷಗಳಲ್ಲಿ. ಯಾಕೆ? ವಿಯೆನ್ನಾದ ಶೋನ್‌ಬ್ರುನ್ ಮೃಗಾಲಯದ ಸಂಶೋಧಕರು ಹಳದಿ ಮತ್ತು ಕಂದು ಬಣ್ಣದ ಬೊಂಬೆಕಪ್ಪೆಗಳನ್ನು ಮಾಡಿ ಗಂಡುಗಳ ಮುಂದಿಟ್ಟರು. ಗಂಡುಗಳು ಕಂದು ಬೊಂಬೆಯನ್ನು ಅಪ್ಪಿಕೊಳ್ಳಲು ಹೋದವು, ಹಳದಿಯದರ ತಂಟೆಗೆ ಹೆಚ್ಚಾಗಿ ಹೋಗಲಿಲ್ಲ. ನೂರಾರು ಕಪ್ಪೆಗಳು ಒಂದೇ ಹೊಂಡದಲ್ಲಿ ನೂಕಾಡುವಾಗ ಆ ಬಣ್ಣ 'ನಾನೂ ಗಂಡೇ, ನನ್ನನ್ನು ಬಿಡು' ಎಂದು ದೂರದಿಂದಲೇ ಹೇಳುತ್ತದೆ.

ಗದ್ದೆಯ ದೊಡ್ಡ ಕಪ್ಪೆಗೆ ಒಂದು ಕಾಲದಲ್ಲಿ ಅದರ ತೊಡೆಯೇ ಕಂಟಕವಾಗಿತ್ತು. ವಿದೇಶದ ಊಟದ ಮೇಜಿಗೆಂದು ನಮ್ಮ ದೇಶದಿಂದ ಕಪ್ಪೆಯ ಕಾಲುಗಳು ಹೇರಳವಾಗಿ ರಫ್ತಾಗುತ್ತಿದ್ದವು. 1987ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಈಗಿನ ಭಯ ಎಣ್ಣೆಯದು, ಅಂದರೆ ಕೀಟನಾಶಕದ್ದು. ಭತ್ತಕ್ಕೂ ಮೆಣಸಿನಕಾಯಿಗೂ ಹತ್ತಿಗೂ ಹೊಡೆಯುವ ಎಣ್ಣೆ, ನೀರನ್ನು ಒಳಬಿಡುವ ಅದೇ ತೆಳು ಚರ್ಮದಿಂದ ಕಪ್ಪೆಯ ಮೈ ಸೇರುತ್ತದೆ. ಕೀಟ ತಿಂದು ಗದ್ದೆ ಕಾಯುವ ಪ್ರಾಣಿಗೆ ಕೀಟದ ವಿಷವನ್ನೇ ಉಣಿಸುತ್ತಿದ್ದೇವೆ ಎಂಬುದು ನನ್ನನ್ನು ಬಹಳ ನೋಯಿಸುತ್ತದೆ. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ ಉಭಯಜೀವಿಗಳ ಪ್ರಭೇದಗಳಲ್ಲಿ ಶೇ. 41ರಷ್ಟು ಅಳಿವಿನ ಅಂಚಿನತ್ತ ಸರಿದಿವೆ.

ಬಳ್ಳಾರಿ ಪಟ್ಟಣದಲ್ಲಿ ನೆಲಗಪ್ಪೆಯನ್ನು ನೋಡಲು ದೂರ ಹೋಗಬೇಕಿಲ್ಲ. ಕೋಟೆ ಗುಡ್ಡದ ಬುಡದ ಓಣಿಗಳಲ್ಲಿ ಮಳೆ ನಿಂತ ಸಂಜೆ ಬೀದಿದೀಪದ ಕೆಳಗೆ ನಿಂತರೆ ಸಾಕು. ಹುಳ ಬೀಳುವ ಜಾಗವನ್ನು ಅದು ಚೆನ್ನಾಗಿ ಬಲ್ಲದು. ಅಂಥ ಒಂದು ದೀಪದಡಿ ಕೇಳಿದ ಮಾತು ಇದು. "ಏ ತಮ್ಮಾ, ಅದನ್ನ ಮುಟ್ಟಬ್ಯಾಡೋ, ಕೈತುಂಬ ನರೂಲಿ ಏಳ್ತಾವು" ಎಂದಳು ಅಜ್ಜಿ. "ಮತ್ತ ಅದು ಯಾರನ್ನ ಮುಟ್ಟಿತ್ತಜ್ಜಿ, ಅದರ ಮೈತುಂಬ ಐತಲ್ಲ?" ಎಂದ ಹುಡುಗ. ಹುಡುಗನ ಪ್ರಶ್ನೆ ಸರಿಯಾದ ಜಾಗಕ್ಕೇ ಬಡಿಯಿತು. ನಮಗೆ ನರಹುಲಿ ತರುವುದು ಮನುಷ್ಯರಿಂದ ಮನುಷ್ಯರಿಗೆ ದಾಟುವ ಒಂದು ವೈರಸ್. ಕಪ್ಪೆಯ ಮೈಮೇಲಿನವು ಗ್ರಂಥಿಗಳು. ಹಾಗೆಂದು ಅಜ್ಜಿಯ ಎಚ್ಚರಿಕೆ ಪೂರ್ತಿ ವ್ಯರ್ಥವೂ ಅಲ್ಲ. ಕಣ್ಣಿನ ಹಿಂದೆ ಉಬ್ಬಿರುವ ಎರಡು ಉದ್ದನೆಯ ಗ್ರಂಥಿಗಳಲ್ಲಿ ಹಾಲಿನಂಥ ವಿಷವಿದೆ. ನಾಯಿ ಕಚ್ಚಿದರೆ ಬಾಯಿ ನೊರೆಗಟ್ಟುತ್ತದೆ, ಹೊಟ್ಟೆಗೆ ಹೋದರೆ ಎದೆಬಡಿತ ತಪ್ಪುತ್ತದೆ. ಮುಟ್ಟಿದವರು ಕಣ್ಣು ಉಜ್ಜಿಕೊಳ್ಳದೆ ಕೈ ತೊಳೆದುಕೊಂಡರೆ ಆಯಿತು.

ಆ ಮೈಯನ್ನೊಮ್ಮೆ ಹತ್ತಿರದಿಂದ ನೋಡಿ. ಪ್ರತಿ ಗಂಟಿನ ತುದಿಗೂ ಕಪ್ಪು ಚುಕ್ಕೆ ಇಟ್ಟಿದೆ. ಹುಬ್ಬಿನ ಏಣಿಗೆ ಕಾಡಿಗೆಯ ಗೆರೆ ಎಳೆದಿದೆ, ತುಟಿಯಂಚಿಗೂ ಅದೇ ಕಪ್ಪು. ಕಣ್ಣಿನ ಪಾಪೆ ಅಡ್ಡ ಗೆರೆಯಂತಿದ್ದು, ಅದರ ಸುತ್ತ ಹೊನ್ನಿನ ಪುಡಿ ಚೆಲ್ಲಿದ ಬಳೆ. ಟಾರ್ಚಿನ ಬೆಳಕನ್ನು ಓರೆಯಾಗಿ ಹಿಡಿದರೆ ಆ ಹೊನ್ನಿನ ನಡುವೆ ತಾಮ್ರದ ಎಳೆಗಳೂ ಕಾಣುತ್ತವೆ. ಕುರೂಪವೆಂದು ಹೆಸರಾದ ಮುಖದಲ್ಲಿ ಇಂಥ ಕಣ್ಣಿದೆ! ಒಳಗೆ ಇನ್ನೊಂದು ಅಚ್ಚರಿಯಿದೆ. ಗಂಡು ನೆಲಗಪ್ಪೆಯ ಹೊಟ್ಟೆಯಲ್ಲಿ ಬೆಳೆಯದೆ ಉಳಿದ ಅಂಡಾಶಯದ ತುಣುಕೊಂದಿರುತ್ತದೆ. ಅರ್ಧನಾರೀಶ್ವರನನ್ನು ಪೂಜಿಸುವ ನಾಡಿನ ಓಣಿಗಳಲ್ಲಿ ಅದು ಸದ್ದಿಲ್ಲದೆ ಕುಪ್ಪಳಿಸಿಕೊಂಡಿದೆ.

ನೆಲಗಪ್ಪೆಗೂ ಉಳಿದ ಕಪ್ಪೆಗಳಿಗೂ ವ್ಯತ್ಯಾಸವೇನು ಎಂದು ಕೇಳುವವರಿಗೆ ಮೊಟ್ಟೆಗಳನ್ನು ತೋರಿಸುವುದು ಸುಲಭ. ಗದ್ದೆಯ ಕಪ್ಪೆಗಳ ಮೊಟ್ಟೆ ಗುಂಪುಗುಂಪಾಗಿ, ಪದರವಾಗಿ ತೇಲಿದರೆ ನೆಲಗಪ್ಪೆಯದು ಲೋಳೆಯ ದಾರದಲ್ಲಿ ಪೋಣಿಸಿದ ಕರಿಮಣಿ ಸರ. ಅದರಿಂದ ಹೊರಬರುವ ಕಪ್ಪು ಗೊದಮೊಟ್ಟೆಗಳು ಗುಂಪಾಗಿ ಈಜುತ್ತವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಕೆ. ಸೈದಾಪುರ ಮತ್ತು ಅವರ ಸಂಗಡಿಗರು 2000ರಲ್ಲಿ ಪ್ರಕಟಿಸಿದ ಅಧ್ಯಯನ ಇವುಗಳ ಬಗ್ಗೆ ಮನಸ್ಸು ತುಂಬುವ ಸಂಗತಿಯೊಂದನ್ನು ಹೇಳಿತು: ಈ ಗೊದಮೊಟ್ಟೆಗಳು ಒಡಹುಟ್ಟಿದವರನ್ನು ಗುರುತಿಸುತ್ತವೆ, ಪರರಿಗಿಂತ ಅವರ ಬಳಿಯಲ್ಲಿರಲು ಬಯಸುತ್ತವೆ. ರಸ್ತೆ ಬದಿಯ ಹೊಂಡದಲ್ಲಿ ಕಪ್ಪು ಮೋಡದಂತೆ ಸರಿಯುವ ಗುಂಪನ್ನು ಕಂಡಾಗೆಲ್ಲ ನನಗೆ ಇದು ನೆನಪಾಗುತ್ತದೆ. ಬಾಲ ಕರಗಿ, ಉಗುರಿನಷ್ಟು ಗಾತ್ರದ ಮರಿಗಳಾಗಿ ಅವು ಒಟ್ಟಿಗೇ ದಡ ಹತ್ತುವುದು ಮತ್ತೊಂದು ಮಳೆ ಬಿದ್ದ ಹೊತ್ತಿಗೆ. ಆಕಾಶದಿಂದ ಕಪ್ಪೆಮರಿ ಸುರಿಯಿತು ಎಂದು ಹಳ್ಳಿಯವರು ಹೇಳುವುದು ಇದನ್ನು ಕಂಡೇ.

ಮಳೆ ಕೈಕೊಟ್ಟ ವರ್ಷ ಕಪ್ಪೆಗಳಿಗೆ ಮದುವೆ ಮಾಡುವ ಊರುಗಳಿವೆ. ಗಡಿಯಾಚೆಯ ತೆಲುಗು ಸೀಮೆಯಲ್ಲಿ ಒನಕೆಗೆ ಕಪ್ಪೆ ಕಟ್ಟಿ, ಬೇವಿನ ಸೊಪ್ಪು ಹೊದಿಸಿ, ಮನೆಮನೆಯ ಮುಂದೆ ನೀರು ಹಾಕಿಸಿಕೊಳ್ಳುತ್ತಾರೆ. ಕಪ್ಪೆಯನ್ನು ಕಟ್ಟುವುದು ನನಗೆ ಒಪ್ಪಿತವಲ್ಲ, ಆದರೆ ಮಳೆಯ ಮಾತು ಕಪ್ಪೆಗೆ ಗೊತ್ತು ಎಂಬ ಆ ನಂಬಿಕೆಯ ಮೇಲೆ ನನಗೆ ಪ್ರೀತಿಯಿದೆ. ನನಗೆ ಹೆಚ್ಚು ಇಷ್ಟವಾಗುವುದು ಶೃಂಗೇರಿಯ ಕಪ್ಪೆ ಶಂಕರ. ತುಂಗೆಯ ಮೆಟ್ಟಿಲ ಬಳಿ, ಪ್ರಸವದ ಕಪ್ಪೆಗೆ ಬಿಸಿಲು ತಾಗದಂತೆ ಹೆಡೆಯೆತ್ತಿ ನೆರಳು ಕೊಟ್ಟ ನಾಗರಹಾವಿನ ಕಲ್ಲು ಅಲ್ಲಿದೆ. ಅದೇ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಹೊಸಪೇಟೆಯ ಅಣೆಕಟ್ಟೆ ದಾಟಿ, ಸಿರುಗುಪ್ಪದ ಗದ್ದೆಗಳಿಗೆ ಬರುತ್ತಾಳೆ.

ಮಕ್ಕಳು ಬಿಡದೆ ಕೇಳುವ ಇನ್ನೊಂದು ಪ್ರಶ್ನೆ ಉಳಿಯಿತು: ಕಪ್ಪೆ ಹುಳ ನುಂಗುವಾಗ ಕಣ್ಣು ಮುಚ್ಚುವುದೇಕೆ? ನಾಲಗೆ ಬಾಯಿಯ ಮುಂಭಾಗಕ್ಕೆ ಅಂಟಿಕೊಂಡಿರುವುದರಿಂದ ಮಗುಚಿ ಹೊರಗೆ ಚಿಮ್ಮಿ ಹುಳವನ್ನು ಅಂಟಿಸಿಕೊಂಡು ಬರುತ್ತದೆ. ನೆಲಗಪ್ಪೆಗೆ ಹಲ್ಲೇ ಇಲ್ಲ, ಅಗಿಯುವ ಮಾತೇ ಇಲ್ಲ. ಆಗ ಕಣ್ಣಿನ ಗುಡ್ಡೆಗಳು ಒಳಕ್ಕೆ ಇಳಿದು, ಬಾಯಿಯ ಮೇಲ್ಛಾವಣಿಯನ್ನು ಒತ್ತಿ, ತುತ್ತನ್ನು ಗಂಟಲ ಕಡೆಗೆ ತಳ್ಳುತ್ತವೆ. ಮುಂದಿನ ಮಳೆಗೆ ದೀಪದ ಕೆಳಗೆ ನಿಂತಾಗ ಆ ಒಂದು ಕ್ಷಣವನ್ನು ಮಕ್ಕಳಿಗೆ ತೋರಿಸಿ. ದೊಡ್ಡ ಜೀರುಂಡೆಯಾದರೆ ಕಣ್ಣು ಎರಡು ಮೂರು ಸಲ ಮುಳುಗಿ ಏಳುತ್ತದೆ.