ಮಿತಾಕ್ಷರೆಯ ಗಂಟುಗಳ್ಳನೂ ಇಂದಿನ ನಿಯತದಂಡವೂ

ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. 1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ. ದಾಯಭಾಗದ ವಿಷಯದಲ್ಲಿ ಈ ಗ್ರಂಥಕ್ಕಿರುವ ಪ್ರಾಮಾಣ್ಯ ಸರ್ವವಿದಿತ. ಅದರ ದಂಡವಿಚಾರವಾದರೋ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಮತ್ತೆ ಮತ್ತೆ ತಪ್ಪು ಮಾಡುವವನಿಗೆ ಶಾಸನವೇ ಕಡ್ಡಾಯವಾಗಿ ಶಿಕ್ಷೆಯನ್ನು ಗೊತ್ತುಮಾಡುವುದು ಯುಕ್ತವೇ ಎಂಬ ಪ್ರಶ್ನೆಗೆ ಅಲ್ಲಿ ದೊರೆಯುವ ಬೆಳಕನ್ನು ಇಲ್ಲಿ ಪರಿಶೀಲಿಸುತ್ತೇವೆ.

ವ್ಯವಹಾರಾಧ್ಯಾಯದ ಸ್ತೇಯಪ್ರಕರಣದಲ್ಲಿ ಗ್ರಂಥಿಭೇದಕನ, ಎಂದರೆ ಗಂಟುಗಳ್ಳನ ಪ್ರಸ್ತಾಪವಿದೆ. ಮೊದಲ ಅಪರಾಧಕ್ಕೆ ಅವನ ಹೆಬ್ಬೆರಳು ತೋರುಬೆರಳುಗಳ ಛೇದ. ಎರಡನೆಯದಕ್ಕೆ ಒಂದು ಕೈ, ಒಂದು ಕಾಲು. ಮನುಸ್ಮೃತಿ ಇನ್ನೂ ಒಂದು ಮೆಟ್ಟಲು ಮೇಲೇರಿ ಮೂರನೆಯ ಬಾರಿಗೆ ವಧೆಯನ್ನೇ ವಿಧಿಸುತ್ತದೆ. ಇಲ್ಲಿ ದಂಡವನ್ನು ನಿರ್ಣಯಿಸುವುದು ಅಪರಾಧಗಳ ಎಣಿಕೆಯೊಂದೇ.

ಆದರೆ ಅದೇ ಸ್ಮೃತಿಯ ಆಚಾರಾಧ್ಯಾಯದಲ್ಲಿ, ರಾಜಧರ್ಮಪ್ರಕರಣದಲ್ಲಿ, ಬೇರೊಂದು ನಿಯಮವಿದೆ. ಅಪರಾಧ, ದೇಶ, ಕಾಲ, ಬಲ, ವಯಸ್ಸು, ಕರ್ಮ, ವಿತ್ತ ಎಂಬ ಏಳನ್ನೂ ತಿಳಿದ ಮೇಲೆಯೇ ದಂಡವನ್ನು ವಿಧಿಸಬೇಕೆಂಬುದು ಅದರ ತಾತ್ಪರ್ಯ. ಒಂದೇ ಗ್ರಂಥದಲ್ಲಿ ಎಣಿಕೆಯ ನ್ಯಾಯವೂ ವಿವೇಚನೆಯ ನ್ಯಾಯವೂ ನೆಲೆಸಿವೆ. ಇವುಗಳಲ್ಲಿ ಎರಡನೆಯದೇ ಗ್ರಾಹ್ಯವೆಂದು ನಮ್ಮ ಅಭಿಪ್ರಾಯ.

ಹೀಗೆಂದ ಮಾತ್ರಕ್ಕೆ ಪ್ರಾಚೀನ ದಂಡನೀತಿಯನ್ನು ಕೊಂಡಾಡುತ್ತಿದ್ದೇವೆಂದು ವಾಚಕರು ಭಾವಿಸಬಾರದು. ಇತರರಿಗೆ ವಧೆಯಾಗುವ ಕಳವಿಗೆ ಬ್ರಾಹ್ಮಣನಾದರೆ ಮುದ್ರೆಯೊತ್ತಿ ಗಡೀಪಾರು ಮಾಡಿದರೆ ಸಾಕೆನ್ನುವ ಸ್ಮೃತಿ ಅದು. ವ್ಯಕ್ತಿಯನ್ನು ನೋಡಿ ದಂಡಿಸುವುದು ಜಾತಿಯನ್ನು ನೋಡಿ ದಂಡಿಸುವುದಾಗಿ ಪರಿಣಮಿಸಬಹುದೆಂಬುದಕ್ಕೆ ಇದೇ ನಿದರ್ಶನ. ನಿಯತದಂಡದ ಸಮರ್ಥಕರ ವಾದಕ್ಕೆ ಬಲವಿರುವುದೂ ಇಲ್ಲಿಯೇ: ಎಲ್ಲರಿಗೂ ಒಂದೇ ಅಳತೆಯಾದರೆ ಪಕ್ಷಪಾತಕ್ಕೆ ಎಡೆಯಿಲ್ಲ.

ಈಗ ನಮ್ಮ ಕಾಲದ ಶಾಸನವನ್ನು ನೋಡೋಣ. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಬಸವಕಲ್ಯಾಣ, ಹುಮನಾಬಾದ್ ಸೀಮೆಗೆ 1860ರ ಭಾರತೀಯ ದಂಡಸಂಹಿತೆ 1951ರಲ್ಲಿ ವಿಸ್ತರಿಸಿತು. ಅದರ 75ನೆಯ ಕಲಮು ಪುನರಪರಾಧಿಯ ಶಿಕ್ಷೆಯ ಮೇಲ್ಮಿತಿಯನ್ನು ಏರಿಸಿತೇ ಹೊರತು ಕನಿಷ್ಠ ಮಿತಿಯನ್ನು ಗೊತ್ತುಮಾಡಲಿಲ್ಲ. 303ನೆಯ ಕಲಮು ಮಾತ್ರ, ಜೀವಾವಧಿ ಶಿಕ್ಷೆಗೆ ಒಳಗಾಗಿರುವವನು ಕೊಲೆ ಮಾಡಿದರೆ ಮರಣದಂಡನೆಯೊಂದನ್ನೇ ವಿಧಿಸುತ್ತಿತ್ತು. 1983ರಲ್ಲಿ ಮಿಟ್ಠು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಸಂವಿಧಾನಬಾಹಿರವೆಂದು ತೆಗೆದುಹಾಕಿತು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಾದರೋ ಕಳವಿನ ವಿಷಯದಲ್ಲಿ ಎಣಿಕೆಗೆ ಮರಳಿದೆ. 5,000 ರೂಪಾಯಿಗಿಂತ ಕಡಮೆ ಬೆಲೆಯ ವಸ್ತುವನ್ನು ಕದ್ದವನು ಮೊದಲ ಬಾರಿ ಶಿಕ್ಷಿತನಾದಾಗ ಅದನ್ನು ಹಿಂದಿರುಗಿಸಿದರೆ ಸಮುದಾಯಸೇವೆ ಸಾಕು. ಎರಡನೆಯ ಬಾರಿಗೆ, ವಸ್ತುವಿನ ಬೆಲೆ ಎಷ್ಟೇ ಇರಲಿ, ಒಂದು ವರ್ಷಕ್ಕೆ ಕಡಮೆಯಿಲ್ಲದ, ಐದು ವರ್ಷದವರೆಗಿನ ಕಠಿಣ ಸಜೆ ಮತ್ತು ಜುಲ್ಮಾನೆ. ಎರಡು ಅಪರಾಧಗಳ ನಡುವೆ ಎಷ್ಟು ವರ್ಷ ಕಳೆದಿವೆ ಎಂಬುದಕ್ಕೆ ಇಲ್ಲಿ ಲೆಕ್ಕವಿಲ್ಲ.

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಸಂದಣಿಯಲ್ಲಿ ಇಬ್ಬರು ಸಿಕ್ಕಿಬಿದ್ದರೆಂದು ಭಾವಿಸೋಣ. ಒಬ್ಬನು ಜಾತ್ರೆಯಿಂದ ಜಾತ್ರೆಗೆ ತಿರುಗುವ ವೃತ್ತಿಗಳ್ಳ. ಇನ್ನೊಬ್ಬನು ಹರೆಯದಲ್ಲಿ ಒಮ್ಮೆ ಶಿಕ್ಷೆಯುಂಡು, ಇಪ್ಪತ್ತು ವರ್ಷ ಕೂಲಿಮಾಡಿ ಬಾಳಿ, ಕೆಲಸವಿಲ್ಲದ ದಿನ ಇನ್ನೂರು ರೂಪಾಯಿಗೆ ಕೈಹಾಕಿದವನು. ನ್ಯಾಯಾಧೀಶರು ಮೊದಲನೆಯವನಿಗೆ ಹೆಚ್ಚು ವಿಧಿಸಬಹುದು. ಎರಡನೆಯವನಿಗೆ ಒಂದು ವರ್ಷಕ್ಕಿಂತ ಇಳಿಸಲಾರರು. ಕಾಲ, ಕರ್ಮ, ವಿತ್ತ ಮೂರನ್ನೂ ಕಣ್ಣಾರೆ ಕಂಡೂ ಕಾಣದಂತೆ ಇರಬೇಕಾಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ 1994ರಲ್ಲಿ ಮೂರನೆಯ ಅಪರಾಧಕ್ಕೆ 25 ವರ್ಷದಿಂದ ಜೀವಾವಧಿಯವರೆಗಿನ ಸೆರೆಯನ್ನು ಕಡ್ಡಾಯಗೊಳಿಸಿ, 2012ರ ಜನಮತದಿಂದ ಅದನ್ನು ಬಹುಮಟ್ಟಿಗೆ ಗಂಭೀರ ಅಪರಾಧಗಳಿಗೆ ಸೀಮಿತಗೊಳಿಸಿತು. ನಾವೂ ತಿದ್ದಿಕೊಳ್ಳಬಹುದು. ಹಿಂದಿನ ಅಪರಾಧವನ್ನು ನ್ಯಾಯಾಧೀಶರು ಪರಿಗಣಿಸಲಿ. ಆದರೆ ಅದೊಂದೇ ತೀರ್ಪಾಗದಿರಲಿ. ಕನಿಷ್ಠಕ್ಕಿಂತ ಇಳಿಸುವಾಗ ಕಾರಣಗಳನ್ನು ಬರೆದು ದಾಖಲಿಸಬೇಕೆಂಬ ನಿಬಂಧನೆಯಿರಲಿ. ಬರೆದ ಕಾರಣವನ್ನು ಮೇಲಿನ ನ್ಯಾಯಾಲಯ ಪರೀಕ್ಷಿಸಬಲ್ಲುದು. ಜಾತಿಯನ್ನು ನೋಡಿ ತೋರಿದ ದಯೆ ಅಲ್ಲಿ ನಿಲ್ಲಲಾರದು. ಕಲ್ಯಾಣದ ಗ್ರಂಥದಿಂದ ನಾವು ಉಳಿಸಿಕೊಳ್ಳಬೇಕಾದುದು ಬೆರಳು ಕತ್ತರಿಸುವ ಎಣಿಕೆಯನ್ನಲ್ಲ, ಮನುಷ್ಯನನ್ನು ಅರಿತು ದಂಡಿಸಬೇಕೆಂಬ ಆ ಒಂದು ನಿಯಮವನ್ನು.