ಮೃದಂಗದ ಕರಣೆ ಮತ್ತು ಪ್ರಾಚೀನರ ಧ್ವನಿಜ್ಞಾನ: ಸಿ. ವಿ. ರಾಮನ್ನರ ಬರಹಗಳ ಒಂದು ವಿಮರ್ಶೆ

ಸಿ. ವಿ. ರಾಮನ್ನರ ಹೆಸರನ್ನು ಕೇಳಿದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಬೆಳಕಿನ ಚದರಿಕೆಯ ಸಂಶೋಧನೆ ನೆನಪಿಗೆ ಬರುವುದು ಸಹಜವೇ. ಅದಕ್ಕೂ ಮುಂಚೆ ಅವರು ಬಹುಕಾಲ ನಾದದ ಸ್ವರೂಪವನ್ನು ಕುರಿತು ದುಡಿದಿದ್ದರೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಪ್ರಕೃತ ವಿಷಯಕ್ಕೆ ಅವರ ಮೂರು ಬರಹಗಳನ್ನು ಒಟ್ಟಿಗೆ ಇಟ್ಟು ಓದುವುದು ಅವಶ್ಯವೆಂದು ನಮಗೆ ತೋರುತ್ತದೆ: ಶಿವಕಾಳಿ ಕುಮಾರರೊಡನೆ 1920ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಚಿಕ್ಕ ಟಿಪ್ಪಣಿ, 1922ರಲ್ಲಿ ಆಶುತೋಷ ಮುಖರ್ಜಿಯವರ ರಜತೋತ್ಸವ ಸಂಪುಟಕ್ಕೆ ‘ಪ್ರಾಚೀನ ಹಿಂದೂಗಳ ಧ್ವನಿಶಾಸ್ತ್ರಜ್ಞಾನ’ ಎಂಬರ್ಥದ ಶೀರ್ಷಿಕೆಯಲ್ಲಿ ಬರೆದ ಲೇಖನ, 1934ರಲ್ಲಿ, ಬೆಂಗಳೂರಿಗೆ ಬಂದ ಮರುವರ್ಷ, ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಮೊದಲನೆಯ ಸಂಪುಟದಲ್ಲಿ ಭಾರತೀಯ ಚರ್ಮವಾದ್ಯಗಳ ಮೇಲೆ ಬರೆದ ಪ್ರಬಂಧ. ಮೊದಲನೆಯದೂ ಕೊನೆಯದೂ ಭೌತವಿಜ್ಞಾನಕ್ಕೆ ಸೇರಿದವು. ನಡುವಿನದು ಚರಿತ್ರೆಯ ಅಂಗಳಕ್ಕೆ ಕಾಲಿಡುತ್ತದೆ. ಆದುದರಿಂದಲೇ ಚರಿತ್ರೆಯ ಅಧ್ಯಾಪಕರಾದ ನಾವು ಇಲ್ಲಿ ಬಾಯಿ ತೆರೆಯುವ ಧೈರ್ಯ ಮಾಡಿದ್ದೇವೆ.

ಭೌತವಿಜ್ಞಾನದ ಭಾಗ ನಿರ್ವಿವಾದವಾದುದು. ಬಿಗಿದು ಕಟ್ಟಿದ ತಂತಿಯೊಂದನ್ನು ಮೀಟಿದಾಗ ಮೂಲಸ್ವರದೊಡನೆ ಅದರ ಎರಡು, ಮೂರು, ನಾಲ್ಕು ಪಟ್ಟು ಆವೃತ್ತಿಯುಳ್ಳ ಉಪಸ್ವರಗಳೂ ಹೊರಡುತ್ತವೆ. ಇವೇ ಹಾರ್ಮೋನಿಕ್ ಗಳು. ಕಿವಿ ಇವೆಲ್ಲವನ್ನೂ ಬೆಸೆದು ಒಂದೇ ಸ್ವರವೆಂದು ಗ್ರಹಿಸುತ್ತದೆ. ಸಮದಪ್ಪದ ವೃತ್ತಾಕಾರದ ಚರ್ಮವಾದರೋ ಹಾಗಲ್ಲ. ಅದರ ಉಪಸ್ವರಗಳು ಮೂಲದ 1.59, 2.14, 2.30, 2.65, 2.92 ಪಟ್ಟು, ಹೀಗೆ ಅಡ್ಡಾದಿಡ್ಡಿಯಾಗಿ ಏರುತ್ತವೆ. ಅವುಗಳಲ್ಲಿ ಪರಸ್ಪರ ಹೊಂದಿಕೆಯಿಲ್ಲ. ಬರಿಯ ತಮಟೆಯಲ್ಲಿ ಸದ್ದು ಬಲವಾಗಿದ್ದರೂ ಸ್ವರ ನಿಲ್ಲದಿರುವುದಕ್ಕೆ ಇದೇ ಕಾರಣ. ಮೃದಂಗದ ಬಲಮುಖದ ನಡುವೆ ಕಬ್ಬಿಣದ ಅಂಶವುಳ್ಳ ಕಪ್ಪು ಪುಡಿಯನ್ನೂ ಅನ್ನವನ್ನೂ ಅರೆದು, ಪದರಪದರವಾಗಿ ಬಳಿದು, ಪ್ರತಿಯೊಂದು ಪದರವನ್ನೂ ಕಲ್ಲಿನಿಂದ ತಿಕ್ಕಿ ಕೂರಿಸಿದ ಕರಣೆಯು ಈ ಅವ್ಯವಸ್ಥೆಯನ್ನು ತಿದ್ದುತ್ತದೆ. ಚರ್ಮದ ಮೇಲೆ ಮರಳನ್ನು ಉದುರಿಸಿ, ಕಂಪಿಸದೆ ಉಳಿಯುವ ರೇಖೆಗಳ ಚಿತ್ರಗಳನ್ನು ತೆಗೆದು ರಾಮನ್ನರು ತೋರಿಸಿಕೊಟ್ಟಿರುವುದೇನೆಂದರೆ, ಚರ್ಮದ ಮೊದಲ ಒಂಬತ್ತು ಕಂಪನವಿಧಗಳು ಐದು ಗುಂಪುಗಳಾಗಿ ಕೂಡಿಕೊಂಡು, ತಂತಿಯ ಮೊದಲ ಐದು ಹಾರ್ಮೋನಿಕ್ ಗಳಂತೆಯೇ 1, 2, 3, 4, 5ರ ಪ್ರಮಾಣದಲ್ಲಿ ನಿಲ್ಲುತ್ತವೆ. ವಾದಕನು ವ್ಯಾಸದ ಗುಂಟ ಬೆರಳನ್ನು ಹಗುರವಾಗಿ ತಾಗಿಸಿದರೆ ಮೂಲಸ್ವರ ಅಡಗಿ ಎರಡನೆಯದು ಎದ್ದು ಕೇಳುತ್ತದೆ. 1954ರಲ್ಲಿ ಬಿ. ಎಸ್. ರಾಮಕೃಷ್ಣ ಮತ್ತು ಸೋಂಧಿಯವರು ಚರ್ಮವನ್ನು ಎರಡು ಸಾಂದ್ರತೆಗಳ ಏಕಕೇಂದ್ರ ವಲಯಗಳೆಂದು ಭಾವಿಸಿ ಗಣಿತದ ಮೂಲಕವೂ ಇದನ್ನು ಬಹುಮಟ್ಟಿಗೆ ಸಮರ್ಥಿಸಿದರು. ಗಣಿತ ನಮ್ಮ ಕೈಗೆ ನಿಲುಕುವುದಲ್ಲ. ಮಿತ್ರರೊಬ್ಬರಿಂದ ಹೇಳಿಸಿಕೊಂಡು ತಿಳಿದೆವು.

ಪ್ರಶ್ನೆಯೇಳುವುದು ಇಲ್ಲಿಂದಾಚೆಗೆ. 1920ರ ಪ್ರಯೋಗಶಾಲೆಯ ಮೇಜಿನ ಮೇಲಿದ್ದ ವಾದ್ಯದ ಗುಣ ‘ಪ್ರಾಚೀನ’ರ ಜ್ಞಾನಕ್ಕೆ ಸಾಕ್ಷಿಯಾಗುವುದು ಹೇಗೆ? ತಬಲದ ಉಲ್ಲೇಖಗಳು ಹದಿನೆಂಟನೆಯ ಶತಮಾನಕ್ಕಿಂತ ಹಿಂದಕ್ಕೆ ಸ್ಪಷ್ಟವಾಗಿ ಸಾಗುವುದಿಲ್ಲ. ಬಾದಾಮಿಯ ಮೊದಲನೆಯ ಗುಹೆಯಲ್ಲಿ ನರ್ತಿಸುವ ಶಿವನ ಪಕ್ಕದಲ್ಲಿ ಚರ್ಮವಾದ್ಯದವನು ಕುಳಿತಿದ್ದಾನೆ, ನಿಜ. ಆದರೆ ಚರ್ಮದ ಮೇಲೆ ಏನನ್ನು ಎಷ್ಟು ದಪ್ಪ ಬಳಿದಿತ್ತೆಂಬುದನ್ನು ಕಲ್ಲು ಹೇಳದು.

ಗ್ರಂಥಗಳು ಸ್ವಲ್ಪ ಹೇಳುತ್ತವೆ. ನಾಟ್ಯಶಾಸ್ತ್ರದ ಪುಷ್ಕರಾಧ್ಯಾಯದಲ್ಲಿ ‘ಮಾರ್ಜನಾ’ ಎಂಬ ವಿಧಿಯಿದೆ. ನದೀತೀರದ ನುಣುಪಾದ ಮಣ್ಣನ್ನು ಚರ್ಮಕ್ಕೆ ಲೇಪಿಸಿ ವಾದ್ಯದ ಮುಖಗಳನ್ನು ಬೇಕಾದ ಸ್ವರಗಳಿಗೆ ಕೂಡಿಸುವ ಕ್ರಮವದು. ಮಾಯೂರೀ, ಅರ್ಧಮಾಯೂರೀ, ಕಾರ್ಮಾರವೀ ಎಂದು ಮೂರು ಬಗೆ. ಇಲ್ಲಿ ಎಚ್ಚರ ವಹಿಸಬೇಕು. ಭಾರವನ್ನು ಹೇರಿದರೆ ಸ್ವರ ಇಳಿಯುತ್ತದೆಂಬುದು ಒಂದು ತಿಳಿವು. ಭಾರವನ್ನು ನಡುವೆ ಹೆಚ್ಚಾಗಿ ಅಂಚಿಗೆ ಕಡಮೆಯಾಗಿ ಹಂಚಿದರೆ ಉಪಸ್ವರಗಳು ಸಾಲುಗೂಡುತ್ತವೆಂಬುದು ಬೇರೊಂದು ತಿಳಿವು. ನಾಟ್ಯಶಾಸ್ತ್ರದ ಮಾತು ಮೊದಲನೆಯದನ್ನು ಕುರಿತದ್ದು. ಗಾಂಧಾರ ಷಡ್ಜಗಳಿಗೆ ಕೂಡಿಸುವಷ್ಟು ಸ್ವರ ನಿಂತಿದ್ದರೆ ಉಪಸ್ವರಗಳೂ ಹೊಂದಿದ್ದಿರಬೇಕೆಂದು ರಾಮನ್ನರ ಪಕ್ಷದವರು ವಾದಿಸಬಹುದು; ಈ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಐರೋಪ್ಯರ ಕೆಟಲ್ ಡ್ರಮ್ಮಿಗೆ ಯಾವ ಲೇಪವೂ ಇಲ್ಲ. ಚರ್ಮದೊಡನೆ ಅಲುಗುವ ಗಾಳಿಯ ಭಾರದಿಂದಲೇ ಅದರ ಕೆಲವು ಮುಖ್ಯ ಕಂಪನಗಳು 2, 3, 4ರ ಪ್ರಮಾಣಕ್ಕೆ ಸಮೀಪ ಬಂದು ಸ್ವರ ನಿಲ್ಲುತ್ತದೆ. ಆದಕಾರಣ ಸ್ವರವಿತ್ತೆಂಬುದರಿಂದಲೇ ಕರಣೆಯ ರಹಸ್ಯ ತಿಳಿದಿತ್ತೆಂದು ಊಹಿಸುವುದು ಸಂಗತವಲ್ಲ.

ಮುಂದೆ ಹದಿಮೂರನೆಯ ಶತಮಾನದಲ್ಲಿ, ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ, ಬೂದಿ ಬೆರಸಿದ ಅನ್ನದ ಲೇಪವನ್ನು ‘ಬೋಹಣ’ವೆಂದು ಕರೆಯುತ್ತಾನೆ. ಮಣ್ಣು, ಬೂದಿಯನ್ನ, ಕಬ್ಬಿಣದ ಕರಣೆ: ಈ ಮೂರೂ ಒಂದೇ ಅಲ್ಲ. ಇಂದಿನ ಮೃದಂಗದ ಎಡಮುಖಕ್ಕೆ ಕಚೇರಿಗೆ ಮುನ್ನ ರವೆಯ ಮುದ್ದೆಯನ್ನು ಮೆತ್ತಿ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಬಲಮುಖದ ಕರಣೆ ಮಾತ್ರ ನಿಂತೇ ಇರುತ್ತದೆ. ಹಳೆಯ ಮಾರ್ಜನೆಯ ಪದ್ಧತಿ ಎಡಮುಖದಲ್ಲಿ ಉಳಿದು ಬಂದಿದೆಯೆಂದೂ, ಬಲಮುಖವು ಅನಂತರದ ಕೈಗಳ ಸಾಧನೆಯೆಂದೂ ನಮ್ಮ ಅಭಿಪ್ರಾಯ. ಒಂದೇ ಶಾಸನದಲ್ಲಿ ಎರಡು ಕಾಲದ ಲಿಪಿಯನ್ನು ಕಂಡಂತೆ ಇದು.

ರಾಮನ್ನರ ಶೀರ್ಷಿಕೆಗೆ ಅದರ ಕಾಲವೂ ಕಾರಣವೆಂಬುದನ್ನು ಮರೆಯಲಾಗದು. ಪ್ರಫುಲ್ಲಚಂದ್ರ ರಾಯರ ಹಿಂದೂ ರಸಾಯನಶಾಸ್ತ್ರದ ಚರಿತ್ರೆ 1902ರಲ್ಲಿ ಆರಂಭವಾಯಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದ ಬ್ರಜೇಂದ್ರನಾಥ ಶೀಲರ ಗ್ರಂಥ 1915ರಲ್ಲಿ ಹೊರಬಂತು. ಪರರ ಆಳ್ವಿಕೆಯಲ್ಲಿ ನಮಗೂ ವಿಜ್ಞಾನವಿತ್ತೆಂದು ಹೇಳಬೇಕಾಗಿದ್ದ ದಿನಗಳವು. ಆ ತಲೆಮಾರಿನ ಒತ್ತಾಸೆ ನಮಗೆ ಅರ್ಥವಾಗುತ್ತದೆ. ಆದರೆ ಅದರ ಪರಿಣಾಮವಾಗಿ ಕೀರ್ತಿಯೆಲ್ಲ ಹೆಸರಿಲ್ಲದ ಪ್ರಾಚೀನರ ಪಾಲಾಯಿತು. ಚರ್ಮವನ್ನು ಹದಮಾಡಿ, ಪ್ರತಿ ಪದರಕ್ಕೂ ಬಡಿದು ಕೇಳಿ, ಸಾಕೆಂದು ಕೈ ನಿಲ್ಲಿಸುವವನು ಮರೆಯಾದನು. ಚರ್ಮವೆಂಬ ಕಾರಣಕ್ಕೇ ಆತನನ್ನು ದೂರವಿಟ್ಟ ಸಮಾಜದಲ್ಲಿ ಇದು ಸಣ್ಣ ಮರೆವಲ್ಲ. ಟಿ. ಎಂ. ಕೃಷ್ಣ ಅವರು ಮೃದಂಗ ತಯಾರಕರ ಕುಟುಂಬಗಳನ್ನು ಕುರಿತು 2020ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಗ್ರಂಥವನ್ನು ಪ್ರಕಟಿಸಿದಾಗ ರಾಮನ್ನರ ಮೊದಲ ಟಿಪ್ಪಣಿಗೆ ಸರಿಯಾಗಿ ನೂರು ವರ್ಷವಾಗಿತ್ತು.

ಈ ಆಕ್ಷೇಪಣೆಯಿಂದ ರಾಮನ್ನರ ಅಳತೆಗಳಿಗೆ ಎಳ್ಳಷ್ಟೂ ಕುಂದಿಲ್ಲ. ಅಳತೆಯ ದಾರಿಯನ್ನೇ ಹಿಂದಕ್ಕೆ ಬೆಳಸಬಹುದೆಂದು ನಮ್ಮ ಸೂಚನೆ. ಒಂದು ಚರ್ಮಕ್ಕೆ ತೀರದ ಮಣ್ಣನ್ನೂ, ಅಂಥದೇ ಇನ್ನೊಂದಕ್ಕೆ ಶಾರ್ಙ್ಗದೇವನ ಬೋಹಣವನ್ನೂ ಬಳಿದು, ಉಪಸ್ವರಗಳು ಎಲ್ಲಿ ನಿಲ್ಲುತ್ತವೆಂದು ಅಳೆದು ನೋಡಿದರೆ ವಿವಾದದ ಅರ್ಧಭಾಗ ಮಾತಿಲ್ಲದೆ ತೀರೀತು. ಭೌತವಿಜ್ಞಾನ ವಿಭಾಗದ ಮಿತ್ರರು ಉಪಕರಣಗಳನ್ನು ಒದಗಿಸುವುದಾದರೆ ಅನ್ನ ಬೂದಿಗಳನ್ನು ನಾವೇ ತರುತ್ತೇವೆ. ಲೇಪವನ್ನು ಬಳಿಯಲು ಮಾತ್ರ ಮೃದಂಗ ಕಟ್ಟುವವರೊಬ್ಬರನ್ನು ಕರೆಯಬೇಕಾಗುತ್ತದೆ.